ಕುದುರೆಯವನೋ, ತೋಟದವನೋ

ಈ ಮಳೆಗಾಲದಲ್ಲಿ ನಾನೊಂದು ಐತಿಹಾಸಿಕ ಪ್ರೇಮ ಕಾದಂಬರಿ ಬರೆಯಲು ಕೂತೆ. ಹೊಸನಗರದ ಕಡೆಯ ನಮ್ಮ ಊರಲ್ಲಿ ಜುಲೈನಲ್ಲಿ ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ. ಮತ್ತೇನು ಮಾಡುವುದು ಹೇಳಿ.

ಕಥೆ ನಡೆಯುವುದು 1689ರಲ್ಲಿ. ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿ ಚೆನ್ನಮ್ಮ ಆಶ್ರಯ ಕೊಟ್ಟ ವರ್ಷ. ನನ್ನ ನಾಯಕ ರಾಣಿಯ ಕುದುರೆ ಪಡೆಯವನು. ನಾಯಕಿ ಬಿದನೂರಿನವಳು, ಅಂದರೆ ಈಗಿನ ನಗರದವಳು. ನಡುವೆ ಒಬ್ಬ ಖಳ ಬೇಕಲ್ಲ? ಅದಕ್ಕೆ ಒಬ್ಬ ಅಡಿಕೆ ತೋಟದವನನ್ನು ತಂದೆ. ಹೇರೆತ್ತಿನ ಮೇಲೆ ಮೆಣಸು ಹೇರಿಕೊಂಡು ಘಾಟಿ ಇಳಿದು ಬಸರೂರಿಗೆ ಹೋಗಿ ವ್ಯಾಪಾರ ಮಾಡುವವನು. ಸ್ವಲ್ಪ ಹೊಟ್ಟೆ ಬೇರೆ ಇಟ್ಟೆ.

ನಾನು ಮಾಡಿದ ತಪ್ಪು ಒಂದೇ. ರಾತ್ರಿ ಬುಡ್ಡಿ ದೀಪ ಹಚ್ಚಿಕೊಂಡು ಅದನ್ನು ಅತ್ತೆಗೆ ಓದಿ ಹೇಳಿದ್ದು.

ಮೊದಲ ಅಧ್ಯಾಯದಲ್ಲೇ ತಗಾದೆ. ನಾಯಕಿ ನಾಯಕನಿಗೆ ಬಿಸಿ ಬಿಸಿ ಟೀ ಕೊಟ್ಟಳು ಎಂದು ಬರೆದಿದ್ದೆ. "ಆಗೆಲ್ಲಿತ್ತೇ ಟೀ? ನಾನು ಚಿಕ್ಕವಳಿದ್ದಾಗಲೂ ಬಂದವರಿಗೆ ನೀರು, ಬೆಲ್ಲವೇ ಕೊಡ್ತಿದ್ದದ್ದು" ಎಂದರು. ನ್ಯಾಯವೇ. ಹೊಡೆದು ಹಾಕಿದೆ.

ಎರಡನೆಯದು ಪ್ರಣಯದ ದೃಶ್ಯ. ಕವಲೇದುರ್ಗದ ಕಾಡು, ಜಿಟಿ ಜಿಟಿ ಮಳೆ, ಅವನು ಅವಳ ಕಣ್ಣನ್ನೇ ನೋಡುತ್ತಾ ಗಳಿಗೆಗಟ್ಟಲೆ ನಿಂತ. ಅತ್ತೆ ಕವಳ ಉಗಿದು ಬಂದು ಕೇಳಿದರು. "ಅಷ್ಟು ಹೊತ್ತು ನಿಂತ್ರೆ ಉಂಬಳ ಹತ್ತಲ್ವೇನೇ?"

ಹತ್ತುತ್ತದೆ. ಉಂಬಳ ಅಂದರೆ ರಕ್ತ ಹೀರುವ ಕಾಡು ಜಿಗಣೆ. ಮಲೆನಾಡಿನ ಮಳೆಯಲ್ಲಿ ಪ್ರೇಮಿಗಳು ಎರಡು ನಿಮಿಷಕ್ಕಿಂತ ಜಾಸ್ತಿ ನಿಲ್ಲುವಂತಿಲ್ಲ ಎಂದು ನನಗಾದರೂ ಹೊಳೆಯಬೇಕಿತ್ತು. ನಾಯಕ ಬಗ್ಗಿ ಕಾಲು ಕೆರೆದುಕೊಂಡ. ಪ್ರಣಯ ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಕಾಲಿಗೆ ಸುಣ್ಣ ಹೊಗೆಸೊಪ್ಪು ತಿಕ್ಕಿಕೊಂಡು ತೋಟದವನು ಬಂದ. "ನೋಡು, ಇವನಿಗೆ ಬುದ್ಧಿ ಉಂಟು" ಎಂದರು ಅತ್ತೆ.

ಅಂದಿನಿಂದ ಅವರು ಅವನ ಪಕ್ಷ. ತೋಟ ಎಷ್ಟಿದೆ, ಶಿವಪ್ಪ ನಾಯಕ ಹಾಕಿದ 'ಶಿಸ್ತು' ಎಂಬ ಭೂತೆರಿಗೆ ಪದ್ಧತಿಯ ಪ್ರಕಾರ ಕಂದಾಯ ಕಟ್ಟಿದ್ದಾನೋ ಇಲ್ಲವೋ, ಎಲ್ಲ ವಿಚಾರಿಸಿದರು. ನಾನು ಹಟಕ್ಕೆ ಬಿದ್ದು ಇಬ್ಬರ ನಡುವೆ ಕತ್ತಿ ಕಾಳಗ ಇಟ್ಟೆ. "ಕೊನೆ ಕೊಯ್ಲಿನ ಹೊತ್ತಲ್ಲಿ ಅವನಿಗೆ ಪುರುಸೊತ್ತು ಎಲ್ಲಿದೆ ಮಾರಾಯ್ತಿ? ಆ ಕುದುರೆಯವನಿಗೆ ಅಷ್ಟು ಕೈ ಕಡಿದ್ರೆ ಬಂದು ಮೆಟ್ಟುಗತ್ತಿ ಮೇಲೆ ಕೂರಲಿ, ಅಡಿಕೆ ಸುಲೀಲಿ" ಎಂದರು. ನನ್ನ ನಾಯಕನನ್ನು ಅಡಿಕೆ ಸುಲಿಯಲು ಕೂರಿಸುವುದಕ್ಕಿಂತ ಊರು ಬಿಡಿಸುವುದೇ ವಾಸಿ ಅನ್ನಿಸಿತು. ರಾಜಾರಾಮ ಹೇಗೂ ಇಲ್ಲಿಂದ ತಮಿಳು ನಾಡಿನ ಜಿಂಜಿ ಕೋಟೆಗೆ ಹೋದನಲ್ಲ, ಅವನ ಜೊತೆ ಕಾವಲಿಗೆ ಕಳಿಸಿಬಿಟ್ಟೆ.

ಇಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಅತ್ತೆ ಹೋದ ವಾರ ನೆಂಟರ ಮನೆಯ ಸೀಮಂತಕ್ಕೆ ಹೋದವರು ಊಟದ ಪಂಕ್ತಿಯಲ್ಲಿ ಇದನ್ನೇ ಹೇಳಿದ್ದಾರೆ. "ನಮ್ಮ ಹುಡುಗಿಗೆ ಇಬ್ಬರು ಗಂಟು ಬಿದ್ದಿದಾರೆ. ಒಬ್ಬ ಮಿಲಿಟರಿ, ಒಬ್ಬನಿಗೆ ತೋಟ. ಇವಳಮ್ಮ ಮಿಲಿಟರಿಯವನೇ ಆಗ್ಬೇಕು ಅಂತಾಳೆ." ಪಾಯಸ ಬರುವಷ್ಟರಲ್ಲಿ ಸುದ್ದಿ ತೀರ್ಥಹಳ್ಳಿ ದಾಟಿತ್ತು. ಮರುದಿನ ಮೂರು ಫೋನು. ಒಬ್ಬರಿಗೆ ತೋಟದವನ ಜಾತಕ ಬೇಕಂತೆ, ನಮಗೆ ಬೇಡವಾದರೆ ಅವರ ತಂಗಿ ಮಗಳಿಗೆ ನೋಡಲು.

ನಾಲ್ಕನೆಯ ಫೋನು ಬೆಂಗಳೂರಿನಿಂದ, ಮಗಳದ್ದು. "ಅಮ್ಮಾ, ನನ್ನನ್ನ ಕೇಳದೆ ಗಂಡು ನೋಡ್ತಿದೀಯಂತೆ?" ಎಂದು ಹಾರಾಡಿದಳು. ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಛತ್ರಿ ಹಿಡಿದು, 1689ರಿಂದ ಹಿಡಿದು ಪೂರ್ತಿ ಕಥೆ ಹೇಳಿದೆ. ಉಂಬಳ ಎರಡು ಹತ್ತಿದವು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದಳು. "ಪಾಪ, ಆ ಕುದುರೆಯವನಿಗೆ ವರ್ಕ್ ಫ್ರಮ್ ಹೋಮ್ ಕೊಡೋಕಾಗಲ್ವಾ?"