ಬಣ್ಣ ಹಚ್ಚಿದವನಿಗೆ ಹಿಡಿ ಮಣ್ಣೂ ಕಷ್ಟ

ನಿನ್ನೆ ನಮ್ಮ ನಾಟಕ ಮುಗಿದ ಮೇಲೆ ಅತಿಥಿಯೊಬ್ಬರು ಮೈಕ್ ಹಿಡಿದು, "ಹಿಂದೆಲ್ಲ ನಟರನ್ನು ರಾಜರೇ ಸಾಕುತ್ತಿದ್ದರು, ಈಗ ಅವರಿಗೆ ಬೆಲೆಯೇ ಇಲ್ಲ" ಅಂದರು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈ ಉರಿದುಹೋಯ್ತು.

ಸಾಕಿದ್ದು ನಿಜ. ಫ್ರಾನ್ಸಿನ ನಟ, ನಾಟಕಕಾರ ಮೊಲಿಯೇರ್‌ಗೆ ಅಲ್ಲಿನ ರಾಜ ಹದಿನಾಲ್ಕನೇ ಲೂಯಿ ವರ್ಷಾಸನ ಕೊಟ್ಟ, ಅವನ ಮಗನಿಗೆ ಧರ್ಮಪಿತ (ಗಾಡ್‌ಫಾದರ್) ಆಗಲೂ ಒಪ್ಪಿದ. ಆದರೆ ಮೊಲಿಯೇರ್ ಸತ್ತಾಗ ಏನಾಯ್ತು?

1673ರ ಫೆಬ್ರವರಿ 17. ಅವನ ಹೊಸ ನಾಟಕದ ನಾಲ್ಕನೇ ಪ್ರಯೋಗ. ಪಾತ್ರ, ಇಲ್ಲದ ಕಾಯಿಲೆ ಇದೆ ಅಂತ ನಂಬಿ ಕುರ್ಚಿಗೆ ಅಂಟಿಕೊಂಡ ಯಜಮಾನನದು. ಬಣ್ಣ ಹಚ್ಚಿದವನಿಗೆ ಮಾತ್ರ ಎದೆಯ ಕಾಯಿಲೆ ನಿಜವಾಗಿಯೂ ಇತ್ತು. ಇವತ್ತು ಆಟ ಬೇಡ ಅಂತ ಹತ್ತಿರದವರು ಬೇಡಿಕೊಂಡರೆ, ದಿನಗೂಲಿ ನಂಬಿಕೊಂಡ ಕೆಲಸಗಾರರ ಗತಿ ಏನು ಅಂದನಂತೆ. ರಂಗದ ಮೇಲೇ ಮೈ ನಡುಗಿತು, ಅದನ್ನು ನಗುವಿನಲ್ಲಿ ಮುಚ್ಚಿಕೊಂಡು ಆಟ ಮುಗಿಸಿದ. ಮನೆಗೆ ಕರೆದುಕೊಂಡು ಹೋದ ಕೆಲವೇ ಹೊತ್ತಿನಲ್ಲಿ ಜೀವ ಹೋಯಿತು. ಕೊನೆಗಾಲದ ವಿಧಿಗೆ ಹೇಳಿಕಳಿಸಿದರೂ ಇಬ್ಬರು ಪಾದ್ರಿಗಳು ಬರಲಿಲ್ಲ. ಮೂರನೆಯವರು ಬರುವಷ್ಟರಲ್ಲಿ ತಡವಾಗಿತ್ತು.

ಆಮೇಲೆ ಮಣ್ಣು ಮಾಡಲೂ ಚರ್ಚ್ ಒಪ್ಪಲಿಲ್ಲ. ಯಾಕೆ ಗೊತ್ತಾ? ನಟನೆ ಅವರ ಕಣ್ಣಿಗೆ ಪಾಪ. ಸಾಯುವ ಮುಂಚೆ ಅವನು "ಇನ್ನು ನಾಟಕ ಆಡಲ್ಲ" ಅಂತ ಹೇಳಿರಲಿಲ್ಲ! ಅವನ ಜೊತೆ ತಂಡ ಕಟ್ಟಿದ ಮ್ಯಾಡಲೀನ್ ಬೆಜಾರ್ ಹಿಂದಿನ ವರ್ಷ ಅದೇ ದಿನ ತೀರಿಕೊಂಡಾಗ ಹಾಗೆ ಬರೆದುಕೊಟ್ಟಿದ್ದಕ್ಕೇ ಆಕೆಗೆ ಮಣ್ಣು ಸಿಕ್ಕಿತ್ತು. ಮೊಲಿಯೇರ್‌ನ ಹೆಂಡತಿ ರಾಜನ ಹತ್ತಿರ ಹೋಗಿ ಅತ್ತಳು. ಅಷ್ಟು ದೊಡ್ಡ ರಾಜನಿಂದ ಸಿಕ್ಕಿದ್ದೇನು? ಕತ್ತಲಾದ ಮೇಲೆ, ಯಾವ ಆಡಂಬರವೂ ಇಲ್ಲದೆ ಇಬ್ಬರೇ ಪಾದ್ರಿಗಳ ಜೊತೆ ಹೂಳಬಹುದು ಅನ್ನೋ ಅನುಮತಿ. 21ರ ರಾತ್ರಿ ಹೂತರು.

ಅವನು ನಾಟಕದಲ್ಲಿ ಢೋಂಗಿ ಭಕ್ತರನ್ನು ಬಯಲಿಗೆಳೆದಿದ್ದ, ಅದರ ಸೇಡು ಇದು ಅಂತ ಕೆಲವರು ಹೇಳ್ತಾರೆ. ಇರಬಹುದು. ಹಾಗಾದರೆ ಏಡ್ರಿಯೆನ್ ಲೆಕುವ್ರರ್ ಮಾಡಿದ ತಪ್ಪೇನು? ಪ್ಯಾರಿಸ್ ತಲೆಮೇಲೆ ಹೊತ್ತು ಮೆರೆಸಿದ ನಟಿ. 1730ರಲ್ಲಿ ತೀರಿಕೊಂಡಾಗ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ರಾತ್ರೋರಾತ್ರಿ ಒಂದು ಪಾಳುಜಾಗದಲ್ಲಿ ಹೂತುಬಂದರು. ಬರಹಗಾರ ವೋಲ್ಟೇರ್ ಕಿಡಿಕಾರಿದ. ಅದೇ ವರ್ಷ ಲಂಡನ್ನಿನಲ್ಲಿ ನಟಿ ಆನ್ ಓಲ್ಡ್‌ಫೀಲ್ಡ್ ಸತ್ತಾಗ ರಾಜರನ್ನು ಹೂಳುತ್ತಿದ್ದ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿನಲ್ಲೇ ಸಮಾಧಿ ಮಾಡಿದರು. ಆದ್ದರಿಂದ "ಕಾಲವೇ ಹಾಗಿತ್ತು" ಅನ್ನೋ ಮಾತು ನನ್ನ ಹತ್ತಿರ ಬೇಡ.

ಸಾವು ಬಿಡಿ, ಫ್ರಾನ್ಸಿನಲ್ಲಿ ಆಗ ಚರ್ಚಿನಲ್ಲಿ ಮದುವೆ ಆಗಬೇಕಿದ್ದರೂ ನಟರು ಕಸುಬು ಬಿಡ್ತೀನಿ ಅನ್ನಬೇಕಿತ್ತು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ. ನನಗೆ ಹೆಣ್ಣು ನೋಡುವಾಗ ಒಂದು ಮನೆಯವರು ಕೇಳಿದ್ದೂ ಅದೊಂದನ್ನೇ, "ಹುಡುಗ ನಾಟಕ ಬಿಡ್ತಾನಾ?" ಬಿಡಲ್ಲ ಅಂದೆ. ಸಂಬಂಧ ಅಲ್ಲಿಗೇ ಮುರಿಯಿತು. ಈ ಮಾತು ಇಲ್ಲಿ ಯಾವತ್ತೂ ಹೇಳಿರಲಿಲ್ಲ.

ಫ್ರಾನ್ಸಿನಲ್ಲಿ ಕ್ರಾಂತಿ ಆದಮೇಲೂ, 1789ರ ಡಿಸೆಂಬರ್‌ನಲ್ಲಿ, ನಟರಿಗೂ ಪೌರಹಕ್ಕು ಕೊಡಬೇಕೋ ಬೇಡವೋ ಅಂತ ರಾಷ್ಟ್ರೀಯ ಸಭೆಯಲ್ಲಿ ವಾದ ನಡೆಯಿತು. ಹಕ್ಕು ಸಿಕ್ಕಿತು. ಅದಕ್ಕಾಗಿ ಅಲ್ಲಿ ಎದ್ದು ನಿಂತು ವಾದಿಸಿದವರು ಜನರ ಪ್ರತಿನಿಧಿಗಳು, ರಾಜರಲ್ಲ.