ಕಾರ್ಡ್ ತೋರಿಸಿದರೆ ಮಾತ್ರೆ ಸಿಗುತ್ತಾ?

5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ ಮಾಡುವ ಸರ್ಕಾರದ ಆಯುಷ್ಮಾನ್ ಕಾರ್ಡ್ ಇದ್ದರೆ ಬಡವರ ಆಸ್ಪತ್ರೆ ಚಿಂತೆ ಮುಗಿಯಿತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಅದನ್ನು ಒಪ್ಪುವುದು ಕಷ್ಟ. ಆ ಕಾರ್ಡ್ ನಡೆಯುವುದು ಅಡ್ಮಿಟ್ ಆದಾಗ. ನಮ್ಮಮ್ಮನಿಗೆ ಬೇಕಿರುವುದು ದಿನಾ ನುಂಗುವ ಬಿಪಿ, ಶುಗರ್ ಮಾತ್ರೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಒಂದು ಸಲಕ್ಕೆ ಹತ್ತು ದಿನದ್ದು ಕೊಡುತ್ತಾರೆ, ಅದೂ ಸ್ಟಾಕ್ ಇದ್ದರೆ, ಇಲ್ಲದಿದ್ದರೆ ಚೀಟಿ ಬರೆದು ಹೊರಗೆ ತಗೊಳ್ಳಿ ಅಂತಾರೆ. ಸುಮ್ನೆ ಬಸ್ ಚಾರ್ಜ್ ದಂಡ ಅಂತ ಅಮ್ಮ ದಿನ ಬಿಟ್ಟು ದಿನ ನುಂಗಲು ಶುರು ಮಾಡಿದ್ದರು. ಡಬ್ಬಿಯಲ್ಲಿ ಉಳಿದಿದ್ದ ಮಾತ್ರೆ ಎಣಿಸಿ ಅದನ್ನು ಕಂಡುಹಿಡಿದಿದ್ದು ಮನೆಗೆ ಬಂದ ಆಶಾ ಕಾರ್ಯಕರ್ತೆ. ಸಾವಿರ ಜನಕ್ಕೆ ಒಬ್ಬರಂತೆ ಓಡಾಡುವ ಅವರಿಗೆ ಇವತ್ತಿಗೂ ಸಂಬಳ ಅಂತಿಲ್ಲ, ಗೌರವಧನ, ಪ್ರೋತ್ಸಾಹಧನ ಅಷ್ಟೇ! ಮಾತ್ರೆ ತಪ್ಪಿ ಬಿಪಿ ಏರಿ ಲಕ್ವ ಹೊಡೆದ ಮೇಲೆ ಲಕ್ಷಗಟ್ಟಲೆ ಕೊಡುವ ಸರ್ಕಾರ ತಿಂಗಳ ಮಾತ್ರೆ ಒಟ್ಟಿಗೆ ಕೊಡಬಹುದಲ್ವಾ?