ಶಲ್ಯ ಬಿದ್ದದ್ದೂ ಹೊಗಳಿಕೆಗೇ
ಹೊಗಳಿದರೆ ಯಾರಿಂದ ಬೇಕಾದರೂ ಕೆಲಸ ಮಾಡಿಸಿಕೊಳ್ಳಬಹುದು ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ.

ಮಹಾಭಾರತದ ಶಲ್ಯನನ್ನೇ ನೋಡಿ. ನಕುಲ ಸಹದೇವರ ಸೋದರಮಾವ. ಪಾಂಡವರ ಕಡೆ ಸೇರಲು ಸೇನೆ ಸಮೇತ ಹೊರಟವನು. ದುರ್ಯೋಧನ ದಾರಿಯುದ್ದಕ್ಕೂ ಬಿಡಾರ ಹಾಕಿಸಿ ಊಟ ಉಪಚಾರ ಮಾಡಿಸಿದ. ಇದೆಲ್ಲ ಧರ್ಮರಾಯನದೇ ಅಂದುಕೊಂಡು ಶಲ್ಯ ಖುಷಿಯಲ್ಲಿ ಏನು ಬೇಕೋ ಕೇಳಿ ಅಂದುಬಿಟ್ಟ. ಮುಗೀತು, ಕೌರವರ ಪಾಲಾದ! ಮುಂದೆ ಕರ್ಣನ ರಥ ಹೊಡೀಬೇಕು ಅಂದಾಗ ಸಿಟ್ಟಾಗಿ ಎದ್ದೇಬಿಟ್ಟಿದ್ದ. ನೀವು ಕೃಷ್ಣನಿಗಿಂತ ಒಂದು ಕೈ ಮೇಲು ಅಂತ ದುರ್ಯೋಧನ ಬೆಣ್ಣೆ ಹಚ್ಚಿದ್ದೇ ತಡ, ಲಗಾಮು ಹಿಡಿದ. ಹಿಡಿದು ಮಾಡಿದ್ದೇನು? ಕರ್ಣನನ್ನು ಹಂಗಿಸಿದ್ದೇ ಜಾಸ್ತಿ. (ಕರ್ಣನ ಉತ್ಸಾಹ ಕುಗ್ಗಿಸುತ್ತೇನೆ ಅಂತ ಧರ್ಮರಾಯನಿಗೆ ಕೊಟ್ಟ ಮಾತೂ ಇತ್ತು, ಬಿಡಿ.)

ನಮ್ಮ ಆಫೀಸಲ್ಲೂ ಒಬ್ಬರಿದ್ದಾರೆ. ‘ನೀವಿಲ್ಲದೆ ಈ ಫೈಲು ಮುಗಿಯಲ್ಲ ಸಾರ್’ ಅಂದರೆ ಸಾಕು, ಭಾನುವಾರವೂ ಬರುತ್ತಾರೆ. ಬಂದು ಮಧ್ಯಾಹ್ನದವರೆಗೆ ಎಲ್ಲರನ್ನೂ ಬೈದುಕೊಂಡು ಟೀ ಕುಡಿಯುತ್ತಾರೆ. ಫೈಲು ಸೋಮವಾರವೂ ಅಲ್ಲೇ ಇರುತ್ತೆ!

ಅಂದಹಾಗೆ, ಊಟ ಬೇಡ ಅನ್ನೋ ಮಗುವನ್ನು ಮುದ್ದು ಮಾಡಿ, ಪುಸಲಾಯಿಸಿ ಒಂದು ತುತ್ತು ತಿನ್ನಿಸೋದನ್ನೂ ಇದೇ ಸಾಲಿಗೆ ಸೇರಿಸಿದ್ದೀರಿ. ಅದು ಬೇರೆ ಅಲ್ವಾ? ಅಲ್ಲಿ ಲಾಭ ಮಗುವಿಗೇ ತಾನೆ.